ಬಾಕಿ ಬಿಕ್ಕಳಿಕೆ

ಬೆಳಗಿನ ಆರಕ್ಕೆ ಬೈತಖೋಲ ಬಂದರದಲ್ಲಿ
ಉಲ್ಲಾಸ ದುರ್ಗೇಕರನಿಗೆ ಬಿಕ್ಕಳಿಕೆ ಹತ್ತಿತು.
ಬೇರೆಯವರಿಗಾದರೆ ನಡೆಯುತ್ತಿತ್ತು.
ಇವನು ಲಿಲಾವು ಕೂಗುವವ.

ಒಂದು ಸಾರಿ, ಎಂದ. ಎರಡು ಸಾರಿ, ಎಂದ.
ಮೂ... ಹಿಕ್.
ಮೂರು ಆಗದೆ ಮಾಲು ಇಳಿಯುವುದಿಲ್ಲ, ದಕ್ಕೆಯ ಕಾಯಿದೆ.
ಬಂಗಡೆಯ ಬುಟ್ಟಿ ಯಾರದೂ ಆಗದೆ ಕೂತಿತು,
ಯಾರೋ ಮತ್ತೆ ಇಪ್ಪತ್ತು ಏರಿಸಿದರು.
ಬೋಟಿನ ಮಾಲಕ ಮೀಸೆಯಲ್ಲೇ ನಕ್ಕ:
"ಬಿಕ್ಕಲಿ ಬಿಡ್ರಾ, ಅವಸರ ಎಂತದು?"

ಪುಸ್ತಕ ಬರೆಯುವವ ನಾನು. ಪೆನ್ನು ಎತ್ತಿಯೇ ಇತ್ತು.

ಯಾರೋ ನೆನೆಸ್ತಿದ್ದಾರೆ, ಹೆಸರು ಹೇಳು, ಅಂದ ಐಸಿನವ.
ಹೇಳಿದ: ಸದಾಶಿವಗಡದ ಅತ್ತೆ. ಹಿಕ್.
ಮಾಜಾಳಿಯಲ್ಲಿ ಸಾಲ ಕೊಟ್ಟವ. ಹಿಕ್.
ಗೋವೆಯಲ್ಲಿ ಒಬ್ಬಳು, ಎಂದು ಶುರುಮಾಡಿ
ಸುತ್ತ ನೋಡಿ ನುಂಗಿಕೊಂಡ. ಅದಕ್ಕೂ ಹಿಕ್.

ಚಾದಂಗಡಿಯಿಂದ ಸಕ್ಕರೆ ಬಂತು, ಎರಡು ಚಮಚ.
ಬಗ್ಗಿಸಿ, ಲೋಟದ ಆಚೆ ದಡದಿಂದ ನೀರು ಕುಡಿಸಿದರು,
ಅರ್ಧ ಅಂಗಿಗೆ ಹೋಯಿತು.
ಹಿಂದಿನಿಂದ ಬಂದ ಹುಡುಗನೊಬ್ಬ
"ನಿನ್ನ ಅಣ್ಣನ ಬೋಟು ಮುಳುಗ್ತು!" ಎಂದು ಕಿರುಚಿದ.
ಯಾರೂ ನಗಲಿಲ್ಲ. ಈ ದಕ್ಕೆಯ ಮೇಲೆ
ಹೆದರಿಸಲಿಕ್ಕೂ ಆಡಬಾರದ ಮಾತದು.

ಮೀನು ಒಯ್ಯಲು ಬಂದ ವಿಜ್ಞಾನದ ಮಾಸ್ತರರು
ಹೆಲ್ಮೆಟ್ ತೆಗೆಯದೆಯೇ ವಿವರಿಸಿದರು:
ಎದೆಗೂ ಹೊಟ್ಟೆಗೂ ನಡುವೆ ವಪೆ ಅಂತೊಂದು ಪರದೆ,
ಅದು ತಟ್ಟನೆ ಜಗ್ಗುತ್ತದೆ, ಗಂಟಲ ಬಾಗಿಲು ಬಡಿದುಕೊಳ್ಳುತ್ತದೆ,
ಬಹಳ ಮಾಡಿ ತಾನೇ ಹೋಗುತ್ತದೆ. ಎರಡು ದಿನ ದಾಟಿದರೆ ಡಾಕ್ಟರು.
ಎರಡು ದಿನ!
ಬಂಗಡೆ ಎರಡು ತಾಸು ಕಾಯುವುದಿಲ್ಲ.

ಆಗ ಶೇವಂತಿ ತಾಂಡೇಲ
ಖಾಲಿ ಕ್ರೇಟು ಬೋರಲು ಹಾಕಿ ಹತ್ತಿ ನಿಂತಳು.
ಗಂಡನ ಬೋಟು ತಿರುಗಿ ಬಾರದ ವರ್ಷ
ಅವಳೂ ಇಲ್ಲೇ ಬಿಕ್ಕಿದವಳು. ನಮ್ಮ ಮಾತಿನಲ್ಲಿ
ಅದಕ್ಕೂ ಇದಕ್ಕೂ ಒಂದೇ ಶಬ್ದ,
ಬರೆದಿಟ್ಟರೆ ಯಾವುದು ಯಾವುದೆಂದು ತಿಳಿಯದು.

"ಕೇಳ್ರಾ," ಎಂದಳು, "ಇವನ ಮುಂದಿನ ಬಿಕ್ಕು ಲಿಲಾವಿಗದೆ.
ನನ್ನದು ನೂರು. ಬಿಕ್ಕಿದ ಕೂಡ್ಲೆ ಕೈಗೆ ನೋಟು."
ನೂರೈವತ್ತು, ಅಂದ ಐಸಿನವ. ಇನ್ನೂರು, ಮಾಸ್ತರರು.
ಮುನ್ನೂರು, ಶೇವಂತಿ.
ಉಲ್ಲಾಸ ಬಾಯಿ ತೆರೆದು ನಿಂತ, ಕೊಡಲು ತಯಾರಾಗಿ.

ಒಂದು ಸಾರಿ.
ಕಾಗೆಯೊಂದು ಬಂಗಡೆ ಎತ್ತಿತು, ಯಾರೂ ಓಡಿಸಲಿಲ್ಲ.
ಎರಡು ಸಾರಿ.
ಇಂಜಿನು ನಿಂತ ಬೋಟಿನ ಹೊಟ್ಟೆಗೆ
ನೀರು ತಟ್ಟುವುದು ಕೇಳಿತು.
"ಮೂರು," ಎಂದ ಉಲ್ಲಾಸ ತಾನೇ, ರೂಢಿಯಿಂದ,
ಇಡೀ ಶಬ್ದ, ಒಡೆಯದೆ.

ಆಮೇಲೆ ಬಂಗಡೆ ಹತ್ತು ನಿಮಿಷದಲ್ಲಿ ಹೋಯಿತು.
ಲೆಕ್ಕ ಲೆಕ್ಕವೇ. ನಾನು ಬರೆದಿದ್ದೇನೆ:
ಬಿಕ್ಕಳಿಕೆ, ಒಂದು. ಕೊಂಡವರು ಶೇವಂತಿ ತಾಂಡೇಲ. ಮುನ್ನೂರು.
ಮಾಲು ತಲುಪಿಲ್ಲ.

ತಿಂಗಳಾಯಿತು. ಅವಳು ದಕ್ಕೆಗೆ ಬಂದಾಗೆಲ್ಲ
ಉಲ್ಲಾಸ ಎದೆ ಮುಟ್ಟಿ ನೋಡಿಕೊಳ್ಳುತ್ತಾನೆ.