ಚಾರ್ಜು

ಕೋಡಿಬಾಗದ ತಿರುವಿನಲ್ಲಿ ನನ್ನ ಅಂಗಡಿ.
ಅಂಗಡಿ ಅಂದರೆ ಒಂದು ಛತ್ರಿ, ಒಂದು ಸ್ಟೂಲು,
ಛತ್ರಿಯ ಮೇಲೆ ಕಂಪನಿಯವರೇ ಬರೆಸಿಕೊಟ್ಟ
'ಇಲ್ಲಿ ರೀಚಾರ್ಜ್ ಮಾಡಲಾಗುವುದು.'
ಕಾಳಿ ನದಿಯ ಗಾಳಿ ಜೋರಾದರೆ ಛತ್ರಿ ಮಗುಚಿ
ಅಷ್ಟೂ ಅಕ್ಷರ ಮಣ್ಣಿಗೆ ಮುಖವಿಟ್ಟು ಮಲಗುತ್ತವೆ.

ಆಯಿಗೆ ಬರುವ ಇಂಗ್ಲಿಷು ಅದೊಂದೇ ಶಬ್ದ.
ಬೈತಖೋಲದಿಂದ ಮಾರ್ಕೆಟ್ಟಿಗೆ ಬರುವಾಗ
ರಿಕ್ಷಾದ ದಾಮು ಬುಟ್ಟಿಗೆ ಬೇರೆ ಚಾರ್ಜು ಕೇಳಿದರೆ
"ಬಂಗುಡೆ ಏನು ನಿನ್ನ ಸೀಟಿನ ಮೇಲೆ ಕೂತದೆಯೇನೋ?"
ಎಂದು ಹತ್ತು ರೂಪಾಯಿ ಇಳಿಸಿಯೇ ಇಳಿಯುವಳು.
ಐಸಿಗೆ ಚಾರ್ಜು, ಕಟ್ಟೆಯ ಮೇಲೆ ಕೂತದ್ದಕ್ಕೆ ಚಾರ್ಜು,
ಮೀನೊಂದೇ ಪುಕ್ಕಟೆ ಸತ್ತದ್ದು
ಅನ್ನುವುದು ಅವಳ ಲೆಕ್ಕ.

ಬಂದರಿನ ಗೇಟಿನೆದುರು ಗಲಾಟೆಯಾಗಿ
ತಮ್ಮ ಉಲ್ಲಾಸ ಬೆನ್ನು ತುಂಬ ಬಾಸುಂಡೆ ಹೊತ್ತು ಬಂದ.
ಲಾಠಿ ಚಾರ್ಜು, ಅಂದೆ.
ಅರಿಶಿನ ಕಲಸಿದ ಎಣ್ಣೆ ಸವರುತ್ತ ಆಯಿ ಕೇಳಿದಳು:
"ಹೊಡೆಯಲಿಕ್ಕೂ ದುಡ್ಡು ತಗೊಂಡ್ರಾ?"
ಅವನು ಕವುಚಿ ಮಲಗಿದಲ್ಲಿಯೇ ನಕ್ಕ,
ನಕ್ಕಿದ್ದಕ್ಕೆ ನೋವಾಗಿ ಬೈದ.

ಮೇ ಕೊನೆಗೆ ವಕೀಲರ ಫೋನು,
ಚಾರ್ಜ್‌ಶೀಟು ಬಂದಿದೆ.
"ಎಷ್ಟು ಫೂಟಿಂದು?" ಅಂದಳು ಆಯಿ.
ಅಡಿಗೆಮನೆಯ ಮಾಡಿನ ಮೂಲೆ
ಎರಡು ವರ್ಷದಿಂದ ಒಂದು ಶೀಟಿಗೆ ಕಾಯುತ್ತಿತ್ತು.
ಈ ಸಲ ಯಾರೂ ನಗಲಿಲ್ಲ.

ಫುರ್ಟಾಡೊ ಮಾಸ್ತರು ತಿಂಗಳಿಗೊಮ್ಮೆ ಬರುತ್ತಾರೆ,
ಎಲ್ಲಕ್ಕಿಂತ ಸಣ್ಣ ಪ್ಯಾಕು ಹಾಕಿಸಲಿಕ್ಕೆ.
ಹನ್ನೊಂದು ವರ್ಷ ಇನ್‌ಚಾರ್ಜ್ ಹೆಡ್‌ಮಾಸ್ತರು,
ಇನ್‌ಚಾರ್ಜ್ ಆಗಿಯೇ ರಿಟೈರಾದವರು;
ಕುರ್ಚಿ ಇತ್ತು ಮಾರಾಯ್ತಿ, ಅದರ ಸಂಬಳ ಇರಲಿಲ್ಲ, ಅನ್ನುತ್ತಾರೆ.
ಓಟಿಪಿ ಬರುವ ತನಕ ಪಾಠ ಮಾಡುವ ಚಟ:
"ಈ ಶಬ್ದದ ಬುಡದಲ್ಲಿ ಒಂದು ಗಾಡಿ ಉಂಟು.
ಗಾಡಿಗೆ ಹೇರು ಹೇರುವುದು. ಅಷ್ಟೇ ಇತ್ತು ಮೊದಲು.
ಆಮೇಲೆ ಜನ ಅದರ ಮೇಲೆ
ತಮಗೆ ತೋಚಿದ್ದನ್ನೆಲ್ಲ ಹೇರಿದರು."
ಓಟಿಪಿ ಬಂತು. ಅವರು ಹೋದರು.
ನಾನು ಮಾತ್ರ ಮಧ್ಯಾಹ್ನವಿಡೀ ಆ ಗಾಡಿಯ ಹಿಂದೆ ನಡೆದೆ.

ಆಷಾಢದಲ್ಲಿ ಆಯಿಯ ಕೈ ಮರಗಟ್ಟಿತು.
ಕುತ್ತಿಗೆಯ ಎಲುಬು ಸವೆದಿದೆ, ಅಂದರು.
ಕಪ್ಪು ಫಿಲ್ಮನ್ನು ಬೆಳಕಿಗೆ ಹಿಡಿದು ಡಾಕ್ಟರು
ನಲವತ್ತು ವರ್ಷದ ಬುಟ್ಟಿಯನ್ನು ಪೆನ್ನಿನ ತುದಿಯಲ್ಲಿ ತೋರಿಸಿದರು.
ನಾಲ್ಕನೆಯ ದಿನ ನರ್ಸು, "ನಾಳೆ ಡಿಸ್ಚಾರ್ಜ್, ಅಮ್ಮ."
ಆಯಿಯ ಮುಖ ಬಿಳಿಚಿತು.
ನನ್ನ ಅಂಗಡಿಯಲ್ಲಿ ಕೇಳಿದ್ದಳು,
ಬ್ಯಾಟರಿ ಡಿಸ್ಚಾರ್ಜ್ ಆಯ್ತು ಅಂದರೆ ಸತ್ತಿತು ಎಂದು.

ಬಿಲ್ಲು ತುಂಬಿ ಬಂದೆ. ಬೆಡ್ ಚಾರ್ಜು, ನರ್ಸಿಂಗ್ ಚಾರ್ಜು,
ಇತರೆ ಚಾರ್ಜು ಎಂಬ ಒಂದು ಸಾಲು,
ಅದೇ ಎಲ್ಲಕ್ಕಿಂತ ಉದ್ದ.

ಇವತ್ತು ಬೆಳಿಗ್ಗೆ, ಬೇಡವೆಂದರೂ ಕೇಳದೆ,
ಕುತ್ತಿಗೆಗೆ ಪಟ್ಟಿ ಬಿಗಿದುಕೊಂಡೇ ಧಕ್ಕೆಗೆ ಬಂದಳು.
ಸೆರಗು ಸುತ್ತಿ ಸಿಂಬಿ ಮಾಡಿ ತಲೆಗಿಟ್ಟು
ನನ್ನ ಕಡೆ ನೋಡಿ ಅಂದಳು: "ಹೊರಿಸೇ."

ಹೊರಿಸೇ.
ಹುಟ್ಟಿದಾಗಿನಿಂದ ಕೇಳಿದ ಶಬ್ದ.
ಬುಟ್ಟಿ ಹೊರಿಸುವುದು. ತಮ್ಮನ ಮೇಲೆ ಆರೋಪ ಹೊರಿಸಿದ್ದು.
ಮಾಸ್ತರಿಗೆ ಜವಾಬ್ದಾರಿ ಹೊರಿಸಿದ್ದು, ಸಂಬಳ ಬಿಟ್ಟು.
ಸಾಲ ಹೊತ್ತದ್ದು. ನನ್ನನ್ನು ಹೊತ್ತದ್ದು.
ಮಾಸ್ತರ ಗಾಡಿ ಇಷ್ಟು ದಿನ
ಆಯಿಯ ತಲೆಯ ಮೇಲೆಯೇ ನಿಂತಿತ್ತು.

ನಾನು ಕೈ ಹಚ್ಚಲಿಲ್ಲ. ದಾಮುವನ್ನು ಕರೆದೆ.
ಅವನು ಬುಟ್ಟಿಯನ್ನು ತಾನೇ ಎತ್ತಿ ಸೀಟಿನ ಮೇಲೆ ಇಟ್ಟ.
ಹೌದು, ಸೀಟಿನ ಮೇಲೆಯೇ.
ಪಟ್ಟಿ ಬಿಗಿದ ಕುತ್ತಿಗೆ ನೋಡಿ, ಎಲ್ಲೋ ನೋಡಿ,
"ಬುಟ್ಟಿಗೆ ಬೇಡ ಬಿಡು" ಅಂದ.

ಆಯಿ ಕುತ್ತಿಗೆ ತಿರುಗಿಸಲಾಗದೆ
ಇಡೀ ಮೈಯನ್ನೇ ಅವನತ್ತ ತಿರುಗಿಸಿದಳು.
"ಯಾಕೋ ಬೇಡ?
ನಾನೇನು ಸತ್ತೆನಾ? ತಗೋ ಚಾರ್ಜು."