ಹೂಳು

ನೌಬಾದಿನ ಸುರಂಗಬಾವಿಗೆ ಮೊದಲ ಸಲ ಇಳಿದಾಗ
ಹಗ್ಗ ಹಿಡಿದಾಂವ ನಮ್ಮ ಇಮ್ಯಾನುವೆಲ್.
ಕೆಂಪು ಜಂಬಿಟಗಿ ಕಲ್ಲಿನೊಳಗ ನೀರಿನ ದಾರಿ,
ಬಗ್ಗಿದರ ಬೆನ್ನು ತಾಕತಿತ್ತು.
ಬುಟ್ಟಿ ಬುಟ್ಟಿ ಹೂಳು ಮ್ಯಾಲ ಕಳಿಸಿದೆ.
ಒಂದಿನ ಕತ್ತಲದಾಗ ಸಪ್ಪಳಾತು: ನೀರು.

ಅದೇ ವರ್ಷ ನನ್ನ ಕಣ್ಣು ಹಳದಿ.
ನೋವಿಲ್ಲ. ತುರಿಕಿ ಮಾತ್ರ, ರಾತ್ರಿ ಪೂರಾ,
ಜ್ವಾಳದ ಸುಂಕು ಮೈಗೆ ಅಂಟಿದಂಗ.
ಕಾಮಾಲಿ ಅಂತ ಚಿಟಗುಪ್ಪಿ ತನಕ ಹೋಗಿ ಬೇರಿನ ರಸ ಕುಡಿದೆ.
ಉಚ್ಚಿ ಕರೀ ಚಹಾದ ಬಣ್ಣಕ್ಕ ತಿರುಗ್ತು.

"ಪಿತ್ತನಾಳದಾಗ ಗಡ್ಡಿ," ಅಂದ್ರು ಡಾಕ್ಟರ್ ಫರ್ಹಾನಾ.
ಚೀಟಿ ಹಿಂದ ಗೆರಿ ಎಳೆದರು: ಲಿವರ್, ನಾಳ, ಕರುಳು.
ನಾ ಪೆನ್ನು ಇಸ್ಕೊಂಡು
ಗೆರಿ ಮ್ಯಾಲ ಒಂದು ಬಾವಿ ಬರದೆ.
"ಇಲ್ಲಿಂದ ಇಳೀರಿ."
ನಕ್ಕರು. ಚೀಟಿ ಮಡಿಚಿ ಕಿಸೆದಾಗ ಇಟ್ಕೊಂಡ್ರು.

ಏಳು ತಾಸು.
ನಾಳ ಕೊಯ್ದು ತಗದು
ಕರುಳು ಮ್ಯಾಲೆಳೆದು ಲಿವರಿನ ಬಾಯಿಗೆ ಹೊಲದ್ರಂತ,
ಕೂದಲೆಳಿಯಂಥ ದಾರದಲೆ.
ಗಡ್ಡಿ, ತೊಗರಿಕಾಳಿಗಿಂತ ಒಂಚೂರು ದೊಡ್ಡದು.
ಅಷ್ಟಕ್ಕ ಇಷ್ಟು!

ಹದಿನೆಂಟು ದಿನಕ್ಕ ವರದಿ ಬಂತು.
ನಾವು ಅಂಜಿದ ಹೆಸರು ಅದರಾಗ ಇರಲಿಲ್ಲ.
ಇದು ಬ್ಯಾರೆ ಕುಲ, ಹಾರ್ಮೋನು ಮಾಡೋ ಕಣ
ಹಾದಿ ತಪ್ಪಿ ನಾಳದಾಗ ಮನಿ ಮಾಡಿತ್ತು,
ನಿಧಾನಕ್ಕ ಬೆಳಿಯೂದು.
"ನಾನೂ ಪುಸ್ತಕದಾಗಷ್ಟ ಓದಿದ್ದೆ," ಅಂದ್ರು ಡಾಕ್ಟರಮ್ಮ.

"ಮತ್ತ ಬರತದೇನ್ರಿ?"
"ವರ್ಷಕ್ಕೆರಡು ಸಲ ಇಣಿಕಿ ನೋಡಬೇಕು."
ಸುರಂಗದ ಬಗ್ಗೆ ನಾನೂ ಹಂಗ ಹೇಳಿದ್ದೆ,
ಗುತ್ತೇದಾರ ಬರಕೊಳ್ಳಲಿಲ್ಲ.

ಈಗ ಇಳಿಯೂದಿಲ್ಲ.
ಸಂಜೀಕ ಹೋಗಿ ಬಾವಿ ಬಾಯಿಗೆ ಕಿವಿ ಕೊಡತೀನಿ,
ಒಂದು ಕೈ ಹೊಲಿಗಿ ಮ್ಯಾಲ.