ಎಂಟು ಪುಟ ಬಾಕಿ

ಕೊನೇ ಟ್ರಿಪ್ಪು ಮುಗಿದು ಸೀಟಿನಡಿ ಬಗ್ಗಿ ನೋಡಿದರೆ
ಛತ್ರಿ ಸಿಗುತ್ತದೆ, ಟಿಫಿನ್ ಡಬ್ಬಿ ಸಿಗುತ್ತದೆ,
ಒಮ್ಮೆ ಯಾರದೋ ಹಲ್ಲಿನ ಸೆಟ್ಟು ನನ್ನನ್ನು ನೋಡಿ ನಕ್ಕಿತ್ತು.
ಆವತ್ತು ಸಿಕ್ಕಿದ್ದು ಪುಸ್ತಕ.
ಒಳಗೆ ಹಸಿರು ಶಾಯಿಯಲ್ಲಿ:
'ತನ್ಜೀಲಾ, ಸೆಕೆಂಡ್ ಪಿಯುಸಿ.
ಮುಟ್ಟಿದವರ ಕೈ ಬಿದ್ದುಹೋಗಲಿ.'

ಮುಟ್ಟಿಯಾಗಿತ್ತು.

ಡಿಪೋಗೆ ಒಪ್ಪಿಸಿ ರಸೀತಿ ಪಡೆಯಬೇಕು, ಗೊತ್ತು.
ಇಪ್ಪತ್ತೆರಡು ವರ್ಷದಿಂದ ನಾನು ರಸೀತಿಯ ಮನುಷ್ಯ.
ಆದರೆ ಮುಖಪುಟದಲ್ಲಿ ಒಬ್ಬಳು ಮೋಹಿನಿ,
ಹಿಂದುಮುಂದಾದ ಪಾದಕ್ಕೆ ಸ್ಪೋರ್ಟ್ಸ್ ಶೂ,
ಆಟೋದವನು ಕೈ ಚಾಚಿ ಹೇಳುತ್ತಿದ್ದಾನೆ:
'ಹೋಗ್ತಿದೀರೋ ಬರ್ತಿದೀರೋ ತಿಳೀತಿಲ್ಲ ಮೇಡಂ,
ಎರಡೂ ಕಡೆ ಬಾಡಿಗೆ ಕೊಟ್ಬಿಡಿ.'

ಒಂದೇ ಪುಟ ಅಂದುಕೊಂಡೆ ಬನಶಂಕರಿಯಲ್ಲಿ.
ಮನೆಯಲ್ಲಿ ಮುದ್ದೆ ಕಲ್ಲಾಯಿತು.
ರಾತ್ರಿ ಒಂದೂವರೆಗೆ ಹೆಂಡತಿ ಎದ್ದು ಬಂದು
ಹಣೆ ಮುಟ್ಟಿ ನೋಡಿದಳು.

ಕಥೆ ಏನು ಅಂತೀರಾ?
ಮೆಜೆಸ್ಟಿಕ್ ಸುರಂಗದ ಕೆಳಗೆ ಇನ್ನೊಂದು ಸುರಂಗ,
ಅಲ್ಲೊಂದು ಕಚೇರಿ: ಪ್ರೇತ ಕುಂದುಕೊರತೆ ವಿಭಾಗ.
ಗುಮಾಸ್ತೆ ಹದಿನಾರರ ಹುಡುಗಿ, ಅಜ್ಜಿ ಸತ್ತಮೇಲೆ ಸಿಕ್ಕ ಕೆಲಸ;
ಹಗಲು ಟ್ಯೂಷನ್ನು, ರಾತ್ರಿ ಅರ್ಜಿ.
ಮೊದಲ ಅರ್ಜಿ ಒಂದು ಮುದಿ ದೆವ್ವದ್ದು:
ಮೂವತ್ತು ವರ್ಷದಿಂದ ಬಾಗಿಲ ಮೇಲೆ 'ನಾಳೆ ಬಾ' ಓದಿ
ವಾಪಸ್ಸು ಹೋಗುತ್ತಿದ್ದವಳು ಮೇಜು ಕುಟ್ಟುತ್ತಾಳೆ:
'ಆ ನಾಳೆಯ ತಾರೀಕು ಕೊಡಿ ನನಗೆ!'

ಸಿಲ್ಕ್ ಬೋರ್ಡಿನಲ್ಲಿ ಸಿಕ್ಕಿಬಿದ್ದ ಬ್ರಹ್ಮರಾಕ್ಷಸ,
ಹಸಿರು ದೀಪದಲ್ಲಿ ದಾಟಿದರೆ ಶಾಪವಿಮೋಚನೆ,
ಹನ್ನೊಂದು ವರ್ಷವಾಯಿತು, ಮುಂದೆ ಇನ್ನೂ ನಾಲ್ಕು ಕಾರು.

ಡಿಪೋ ಕ್ಯಾಂಟೀನಿನಲ್ಲಿ ಚಹಾ ಮೂಗಿಗೇರಿತು.
ಡ್ರೈವರ್ ಆಂತೋಣಿಸ್ವಾಮಿ ಕೇಳಿದ:
'ಏನ್ ಗುರೂ, ಡಿಎ ಜಾಸ್ತಿ ಆಯ್ತಾ?'

ಹದಿನಾಲ್ಕನೇ ಅಧ್ಯಾಯದಲ್ಲಿ ಕಂಡಕ್ಟರ್ ಬರುತ್ತಾನೆ.
ನೆಟ್ಟಗೆ ಕೂತೆ.
ಮೋಹಿನಿ ಉಚಿತ ಟಿಕೆಟ್ ಕೇಳುತ್ತಾಳೆ,
ಅವನು ಆಧಾರ್ ಕೇಳುತ್ತಾನೆ,
ಅವಳು ತೋರಿಸುತ್ತಾಳೆ, ಫೋಟೋ ಜಾಗ ಖಾಲಿ.
'ಕ್ಯಾಮೆರಾದಲ್ಲಿ ನಾನು ಬರಲ್ಲ ಸಾರ್.
ವಿಳಾಸ ಮಾತ್ರ ಸರಿಯಾಗಿದೆ, ಅದೇ ಹುಣಸೇಮರ.'
ಅವನು ಕನ್ನಡಕ ಮೇಲೇರಿಸಿ, 'ಮರ ಕಡಿದಾಯ್ತಲ್ಲಮ್ಮ,
ಹೊಸ ವಿಳಾಸ ಅಪ್‌ಡೇಟ್ ಮಾಡಿಸು' ಅಂತಾನೆ.
ಥೂ, ನಾವೆಲ್ಲಿ ಹೀಗೆ ಮಾತಾಡ್ತೀವಿ ಅಂದುಕೊಂಡೆ.
ಆಮೇಲೆ ನೆನಪಾಯಿತು, ಹೋದ ಮಂಗಳವಾರವೇ ಮಾತಾಡಿದ್ದೆ.

ಒಂದು ಕಡೆ ಮಾತ್ರ ನಗು ಬರಲಿಲ್ಲ.
ಒದ್ದೆ ಸೀರೆಯ ಜಲದೇವತೆ ತನ್ನ ಕೆರೆ ಹುಡುಕುತ್ತಾ
ಮೆಜೆಸ್ಟಿಕ್ಕಿನ ಪ್ಲಾಟ್‌ಫಾರ್ಮಿನಲ್ಲಿ ಸುತ್ತುತ್ತಾಳೆ,
ವಿಚಾರಣೆ ಕಿಟಕಿಯಲ್ಲಿ 'ಧರ್ಮಾಂಬುಧಿಗೆ ಯಾವ ಬಸ್ಸು?' ಅಂತಾಳೆ.
ನಿಂತಿದ್ದೀಯಲ್ಲ ತಾಯಿ, ಅದರ ಹೊಟ್ಟೆಯಲ್ಲೇ.
ನಾನೂ ನಿಲ್ಲುತ್ತೇನೆ ದಿನಕ್ಕೆ ಆರು ಸಲ,
ಮೆಜೆಸ್ಟಿಕ್ ಮೆಜೆಸ್ಟಿಕ್ ಅಂತ ಕೂಗಿಕೊಂಡು.

ಶುಕ್ರವಾರ ಸೌತ್ ಎಂಡಿನಲ್ಲಿ ಹತ್ತಿದಳು ಒಬ್ಬ ಹುಡುಗಿ,
ಬೆರಳಿಗೆ ಹಸಿರು ಶಾಯಿ,
ಸೀಟುಗಳ ಕೆಳಗೆ ಒಂದೊಂದಾಗಿ ಬಗ್ಗುತ್ತಾ.
'ಅಂಕಲ್, ಒಂದು ಪುಸ್ತಕ ಸಿಕ್ತಾ?'

ಕಂಕುಳಲ್ಲಿದ್ದ ಚೀಲ ಒಮ್ಮೆಗೇ ಭಾರವಾಯಿತು.
ಎಂಟು ಪುಟ ಬಾಕಿ.
ಬ್ರಹ್ಮರಾಕ್ಷಸನ ಮುಂದೆ ಉಳಿದಿರುವುದು ಒಂದೇ ಕಾರು,
ಅದರ ಎಂಜಿನ್ ಆಫ್ ಆಗಿದೆ.
ಹಾಳು ಬಾಯಿ, ನನ್ನನ್ನು ಕೇಳದೆ ಹೇಳಿಬಿಟ್ಟಿತು:
'ನಾಳೆ ಬಾಮ್ಮ.'

ಅವಳು ನೆಟ್ಟಗಾದಳು.
ನನ್ನ ಮುಖ ನೋಡಿದಳು, ಚೀಲ ನೋಡಿದಳು,
ಟಿಕೆಟ್ ಮೆಷಿನ್ನಿನ ಮೇಲೆ ಟಪ್ಪನೆ ಕುಟ್ಟಿದಳು:
'ಆ ನಾಳೆಯ ತಾರೀಕು ಕೊಡಿ ನನಗೆ!'

ಇಡೀ ಬಸ್ಸು ತಿರುಗಿ ನೋಡಿತು.
ನಾವಿಬ್ಬರೂ ಸರಳು ಹಿಡಿದುಕೊಂಡು ನಗುತ್ತಿದ್ದೆವು.
'ಎಷ್ಟನೇ ಪುಟ?' ಅಂದಳು.
ಹೇಳಿದೆ.
'ಅಯ್ಯೋ, ಅಲ್ಲಾ! ಅಲ್ಲಿ ಯಾರಾದ್ರೂ ನಿಲ್ಲಿಸ್ತಾರಾ?
ಕೂತು ಓದಿ. ನಾನು ಟಿಕೆಟ್ ಕೊಡ್ತೀನಿ.'

ಕೊಡಲು ಬಿಡಲಿಲ್ಲ, ಅಷ್ಟು ರೂಲ್ಸು ಇನ್ನೂ ಉಳಿದಿದೆ.
ಆದರೆ ಮಿನರ್ವ ಸರ್ಕಲ್ಲಿನಲ್ಲಿ ಕೆಂಪು ಬಿತ್ತು,
ತೊಂಬತ್ತೆಂಟು ಸೆಕೆಂಡು.
ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಪುಸ್ತಕ ತೆರೆದೆ.
ಆಂತೋಣಿ, ಮಾರಾಯ,
ಹಸಿರು ಬಿದ್ದರೂ ನಿಧಾನಕ್ಕೆ ಗೇರು ಹಾಕು.